ಏಪ್ರಿಲ್ 23ರ ಬಾಕ್ಸ್, ಹನ್ನೊಂದೂವರೆಯ ಡೆಡ್‌ಲೈನ್

ಪತ್ರಿಕೆಯ ಡೆಸ್ಕ್‌ಗೆ ಹೊಸಬರು ಬಂದರೆ ಮೊದಲು ಅವರ ಕೈಗೆ ಕೊಡುವುದು 'ಇತಿಹಾಸದಲ್ಲಿ ಈ ದಿನ'. ಸಿಂಗಲ್ ಕಾಲಂ, ಆರೇಳು ಐಟಂ, ಒಂದು ಸ್ಟ್ಯಾಂಪ್ ಸೈಜಿನ ಫೋಟೊ. ಜಾಹೀರಾತು ಜಾಸ್ತಿ ಬಂದ ದಿನ ಮೊದಲು ಕತ್ತರಿ ಬೀಳುವುದು ಇದಕ್ಕೇ. ಏಜೆನ್ಸಿ ಕಾಪಿ ತಡವಾದರೆ ಜಾಗ ತುಂಬಿಸಲು ಎಳೆದು ಉದ್ದ ಮಾಡುವುದೂ ಇದನ್ನೇ. "ಅದರಲ್ಲೇನಿದೆ, ತಾರೀಖು ಹಾಕಿ ಹುಡುಕಿದ್ರೆ ಬರುತ್ತೆ" ಅನ್ನುವ ಮಾತನ್ನು ನಾನು ಕೆಲಸಕ್ಕೆ ಸೇರಿದಾಗಿನಿಂದ ಕೇಳುತ್ತಿದ್ದೇನೆ.

ಕಳೆದ ಮೀಟಿಂಗ್‌ನಲ್ಲಿ ಅದೇ ಮಾತು ಇನ್ನೊಂದು ವೇಷದಲ್ಲಿ ಬಂತು. ಈ ಕಾಲಂ ಇನ್ನು ಮುಂದೆ, ತಾರೀಖುವಾರು ಘಟನೆಗಳ ಪಟ್ಟಿ ಕಳಿಸುವ ಕಂಪ್ಯೂಟರ್ ಫೀಡ್‌ನಿಂದ ನೇರವಾಗಿ ಪುಟಕ್ಕೆ ಬೀಳಲಿ, ಡೆಸ್ಕ್ ಮುಟ್ಟುವುದು ಬೇಡ, ಪ್ರೂಫ್‌ಗೂ ಕಳಿಸುವುದು ಬೇಡ ಎಂದರು. ನಾನು ಒಪ್ಪಲಿಲ್ಲ. ಯಾಕೆ ಒಪ್ಪಲಿಲ್ಲ ಅನ್ನುವುದನ್ನು ಮೀಟಿಂಗ್‌ನಲ್ಲಿ ಎರಡು ನಿಮಿಷದಲ್ಲಿ ಹೇಳಲು ಆಗಲಿಲ್ಲ. ಇಲ್ಲಿ ಬಿಡಿಸಿ ಬರೆಯುತ್ತೇನೆ.

2016ರ ಏಪ್ರಿಲ್ 22, ಶುಕ್ರವಾರದ ರಾತ್ರಿ. ಮಾರನೆಯ ದಿನಕ್ಕೆ ಶೇಕ್ಸ್‌ಪಿಯರ್ ತೀರಿಕೊಂಡು 400 ವರ್ಷ. ಸ್ಪೇನಿನ ಲೇಖಕ ಸೆರ್ವಾಂಟೆಸ್‌ಗೂ ಅಷ್ಟೇ ವರ್ಷ. ಜೊತೆಗೆ ವಿಶ್ವ ಪುಸ್ತಕ ದಿನ. ಹೀಗಾಗಿ ಆ ದಿನ ನಮ್ಮ ಕಾಲಂಗೆ ಬಡ್ತಿ ಸಿಕ್ಕಿತ್ತು. ಸಿಂಗಲ್ ಕಾಲಂ ಹೋಗಿ ನಾಲ್ಕು ಕಾಲಂ ಬಾಕ್ಸ್. ಎಡಕ್ಕೆ ಶೇಕ್ಸ್‌ಪಿಯರ್, ಬಲಕ್ಕೆ ಸೆರ್ವಾಂಟೆಸ್, ನಡುವೆ ದೊಡ್ಡ ಹೆಡ್ಡಿಂಗ್: 'ಒಂದೇ ದಿನ ಅಗಲಿದ ಇಬ್ಬರು ದಿಗ್ಗಜರು'. ಬರೆದವರು ನಾನು. ಪುಟ ಜೋಡಿಸುವ ಪೇಜಿನೇಟರ್ ಚೆನ್ನಾಗಿ ಕೂರಿಸಿದ್ದರು. ದೂರದ ಊರುಗಳಿಗೆ ಮೊದಲೇ ಅಚ್ಚಾಗುವ ಡಾಕ್ ಎಡಿಷನ್ ಆಗಲೇ ಪ್ಲೇಟ್‌ಗೆ ಹೋಗಿತ್ತು. ಸಿಟಿ ಎಡಿಷನ್‌ಗೆ ಹನ್ನೊಂದೂವರೆಗೆ ಪೇಜ್ ರಿಲೀಸ್ ಆಗಬೇಕು.

ಹನ್ನೊಂದು ದಾಟಿದ ಮೇಲೆ ಪ್ರೂಫ್ ಸೆಕ್ಷನ್‌ನ ಮೇಡಂ ಎದ್ದು ಬಂದರು. ಅವರು ಸಾಮಾನ್ಯವಾಗಿ ಜಾಗ ಬಿಟ್ಟು ಏಳುವವರಲ್ಲ. ತಿದ್ದಿದ ಪ್ರಿಂಟ್ ಔಟ್ ಅನ್ನು ಹುಡುಗನ ಕೈಲಿ ಕಳಿಸುತ್ತಾರೆ. ಅವರೇ ಬಂದರೆ ಏನೋ ದೊಡ್ಡದೇ ಇದೆ ಎಂದು ಅರ್ಥ. ಪ್ರಿಂಟ್ ಔಟ್ ನನ್ನ ಕೀಬೋರ್ಡ್ ಮೇಲೇ ಇಟ್ಟರು. 'ಒಂದೇ ದಿನ' ಎಂಬ ಎರಡು ಪದಕ್ಕೆ ಕೆಂಪು ಇಂಕಿನಲ್ಲಿ ಸುತ್ತು ಹಾಕಿದ್ದರು.

"ಇದು ನಿಲ್ಲಲ್ಲ."

"ಯಾಕೆ ಮೇಡಂ, 23 ಅಲ್ವಾ?"

"ತಾರೀಖು 23ನೇ. ಇಬ್ಬರಿಗೂ 23ನೇ. ಆದ್ರೆ ಅವರು ಒಂದೇ ದಿನ ಹೋಗಿಲ್ಲ. ಹತ್ತು ದಿನ ಹಿಂದೆ ಮುಂದೆ."

ನನಗೆ ತಕ್ಷಣ ಹೊಳೆಯಲಿಲ್ಲ. ಅವರು ಗೋಡೆಯ ಕ್ಯಾಲೆಂಡರ್ ಕಡೆ ಕೈ ತೋರಿಸಿದರು. "ನಾವೀಗ ಬಳಸೋ ಗ್ರೆಗೋರಿಯನ್ ಕ್ಯಾಲೆಂಡರ್ 400 ವರ್ಷಕ್ಕೊಮ್ಮೆ ವಾರದ ಸಮೇತ ಹಾಗೇ ತಿರುಗಿ ಬರುತ್ತೆ. 1616ಕ್ಕೂ ಈ ವರ್ಷದ ಕ್ಯಾಲೆಂಡರ್ ನಡೆಯುತ್ತೆ. ನಾಳೆ ಯಾವ ವಾರ?"

"ಶನಿವಾರ."

"ಸ್ಪೇನಿನಲ್ಲಿ 1616ರ ಏಪ್ರಿಲ್ 23 ಶನಿವಾರ. ಇಂಗ್ಲೆಂಡಿನಲ್ಲಿ ಅದೇ ತಾರೀಖು ಮಂಗಳವಾರ. ಒಂದೇ ದಿನ ಆಗಿದ್ದರೆ ವಾರ ಬೇರೆ ಆಗ್ತಿತ್ತಾ?"

ಆ ಲೆಕ್ಕವನ್ನು ಆಮೇಲೆ ನಾನೇ ಮಾಡಿ ನೋಡಿದೆ. 400 ವರ್ಷ ಅಂದರೆ 1,46,097 ದಿನ. 7ರಿಂದ ಭಾಗಿಸಿದರೆ ಶೇಷ ಇಲ್ಲ. ಪೋಪ್ 13ನೇ ಗ್ರೆಗರಿ 1582ರಲ್ಲಿ ಕ್ಯಾಲೆಂಡರ್ ಸುಧಾರಿಸಿದಾಗ ಸ್ಪೇನ್ ಕೂಡಲೇ ಒಪ್ಪಿಕೊಂಡಿತು. ಅಲ್ಲಿ ಅಕ್ಟೋಬರ್ 4ರ ಗುರುವಾರದ ಮಾರನೆಯ ದಿನವೇ ಅಕ್ಟೋಬರ್ 15ರ ಶುಕ್ರವಾರ. ಇಂಗ್ಲೆಂಡ್ ಒಪ್ಪಲಿಲ್ಲ, 1752ರವರೆಗೂ ಹಳೆಯ ಜೂಲಿಯನ್ ಕ್ಯಾಲೆಂಡರ್‌ನಲ್ಲೇ ಇತ್ತು. ಆದ್ದರಿಂದ ಶೇಕ್ಸ್‌ಪಿಯರ್ ತೀರಿಕೊಂಡ ಇಂಗ್ಲೆಂಡಿನ ಏಪ್ರಿಲ್ 23 ಸ್ಪೇನಿನ ಲೆಕ್ಕದಲ್ಲಿ ಮೇ 3. 2016ರ ಮೇ 3 ನೋಡಿ, ಮಂಗಳವಾರ.

ಇಷ್ಟು ತಿಳಿದ ಮೇಲೆ ನಾನು ಮಾಡಹೊರಟ ಕೆಲಸ ಇನ್ನೂ ಕೆಟ್ಟದಾಗಿತ್ತು. ಸಿಸ್ಟಂನಲ್ಲಿ ಕಾಪಿ ತೆರೆದು, ಶೇಕ್ಸ್‌ಪಿಯರ್ ಹೆಸರಿನ ಮುಂದೆ 'ಮೇ 3' ಎಂದು ಹಾಕಲು ಹೋದೆ. ಲೆಕ್ಕ ಸರಿಯಾಗಿತ್ತು. ಬೇಗ ಮುಗಿಯುವ ದಾರಿಯೂ ಅದೇ ಅನ್ನಿಸಿತು. ಹನ್ನೊಂದೂಕಾಲು ಆಗಿತ್ತು. ಗಡಿಯಾರ ನೋಡಿಕೊಂಡು ತಿದ್ದುವವರ ತಲೆಯಲ್ಲಿ 'ಯಾವುದೋ ಒಂದು ಅಂಕಿ ತಪ್ಪಿದೆ, ಅದನ್ನು ಬದಲಾಯಿಸಿದರೆ ಮುಗೀತು' ಅನ್ನುವುದೇ ಓಡುತ್ತಿರುತ್ತದೆ. ಇಲ್ಲಿ ಯಾವ ಅಂಕಿಯೂ ತಪ್ಪಿರಲಿಲ್ಲ. ಅದನ್ನು ಒಪ್ಪಿಕೊಳ್ಳಲು ಮನಸ್ಸಿಗೆ ಕಷ್ಟವಾಗುತ್ತಿತ್ತು.

ಮೇಡಂ ನನ್ನ ಕೈ ಹಿಡಿದು ತಡೆದರು ಅಂತಲೇ ಹೇಳಬೇಕು. "ಶೇಕ್ಸ್‌ಪಿಯರ್ ಊರು ಸ್ಟ್ರಾಟ್‌ಫರ್ಡ್‌ನ ಚರ್ಚಿನ ಗೋಡೆ ಮೇಲಿನ ಕಲ್ಲಿನಲ್ಲಿ ಏಪ್ರಿಲ್ 23 ಅಂತಲೇ ಕೆತ್ತಿದೆ. ಅವನ ಮನೆಯವರಿಗೆ, ಊರಿನವರಿಗೆ ಅವನು ಹೋದದ್ದು ಆ ತಾರೀಖಿಗೆ. ನೀನ್ಯಾಕೆ ಅದನ್ನ ಅಳಿಸ್ತೀಯಾ? ತಾರೀಖನ್ನ ಮುಟ್ಟಬೇಡ. ನಾವು ಅದರ ಮೇಲೆ ಏನು ಹೇಳ್ತಿದ್ದೀವೋ ಅದನ್ನ ತಿದ್ದು."

ಅಷ್ಟರಲ್ಲಿ ನ್ಯೂಸ್ ಎಡಿಟರ್ ಬಂದರು. "ಏನ್ರೀ ಇನ್ನೂ ರಿಲೀಸ್ ಆಗಿಲ್ಲ?" ವಿಷಯ ಹೇಳಿದೆವು. "ಯುನೆಸ್ಕೊನೇ ಅದಕ್ಕಾಗಿ ಪುಸ್ತಕ ದಿನ ಮಾಡಿದೆಯಲ್ರೀ, ಅವರಿಗಿಂತ ನೀವು ದೊಡ್ಡವರಾ? ಹಾಗೇ ಬಿಡಿ, ಡಾಕ್‌ನಲ್ಲಿ ಹೋಗಿದೆ, ಸಿಟಿಯಲ್ಲಿ ಬೇರೆ ಹಾಕಿದ್ರೆ ಜನ ಕೇಳ್ತಾರೆ." 1995ರಲ್ಲಿ ಯುನೆಸ್ಕೊ ಏಪ್ರಿಲ್ 23ನ್ನು ಆರಿಸಿಕೊಳ್ಳುವಾಗ ಈ ಇಬ್ಬರ ಹೆಸರನ್ನೂ, ಪೆರುವಿನ ಲೇಖಕ ಇಂಕಾ ಗಾರ್ಸಿಲಾಸೊ ಡಿ ಲಾ ವೇಗಾ ಹೆಸರನ್ನೂ ಹೇಳಿದ್ದು ನಿಜ. ತಾರೀಖನ್ನು ನೆನಪಿಗೆ ಇಟ್ಟುಕೊಳ್ಳುವುದಕ್ಕೆ ಅದು ಸಾಕು. 'ಒಂದೇ ದಿನ ಅಗಲಿದರು' ಎಂದು ಹೆಡ್ಡಿಂಗ್ ಕೊಡಲು ಸಾಲದು. ಮೇಡಂ ಅದನ್ನೇ ಮೆಲ್ಲಗೆ, ಎರಡು ವಾಕ್ಯದಲ್ಲಿ ಹೇಳಿದರು. ಅವರು ಯಾವತ್ತೂ ದನಿ ಏರಿಸಿದವರಲ್ಲ.

ನ್ಯೂಸ್ ಎಡಿಟರ್ ಒಂದು ಕ್ಷಣ ನಿಂತು, "ಐದು ನಿಮಿಷ" ಎಂದು ಹೇಳಿ ಹೋದರು.

ಆ ಐದು ನಿಮಿಷ ಹೇಗೆ ಹೋಯಿತು ಎಂದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಹೆಡ್ಡಿಂಗ್ ಅದೇ ಅಗಲಕ್ಕೆ ಕೂರಬೇಕು, ಇಲ್ಲವಾದರೆ ಪೇಜಿನೇಟರ್ ಇಡೀ ಬಾಕ್ಸ್ ಬಿಚ್ಚಬೇಕು. 'ತಾರೀಖು ಒಂದೇ, ದಿನ ಬೇರೆ' ಎಂದು ಬರೆದೆ, ಕೂತಿತು. ಮಧ್ಯದಲ್ಲಿ ಕ್ಯಾಲೆಂಡರ್ ವಿಷಯ ಹೇಳಲು ನಾಲ್ಕು ಸಾಲು ಬೇಕಿತ್ತು. ಸೆರ್ವಾಂಟೆಸ್ ಇಂಟ್ರೊದಲ್ಲಿ ನಾನು ಇಷ್ಟಪಟ್ಟು ಬರೆದಿದ್ದ ನಾಲ್ಕು ಸಾಲು ಹೋಯಿತು. ಪ್ರೆಸ್‌ನಿಂದ ಫೋನ್ ರಿಂಗ್ ಆಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಅಷ್ಟರಲ್ಲಿ ಮೇಡಂ ಮತ್ತೆ ಹೇಳಿದರು: "ಸೆರ್ವಾಂಟೆಸ್ ಕೂಡ 23ಕ್ಕೆ ಸತ್ತ ಅಂತ ಬರೀಬೇಡ. 22ಕ್ಕೆ ತೀರಿಕೊಂಡು 23ಕ್ಕೆ ಮಣ್ಣು ಮಾಡಿದ್ದು ಅಂತ ಈಗಿನ ವಿದ್ವಾಂಸರ ಅಭಿಪ್ರಾಯ. ಚರ್ಚ್ ದಾಖಲೆಯಲ್ಲಿರೋದು 23." ಅದಕ್ಕೂ ಒಂದು ಸಾಲು ಬೇಕಾಯಿತು. ಫೋಟೊ ಕೆಳಗಿನ ಕ್ರೆಡಿಟ್ ಲೈನ್ ತೆಗೆದು ಆ ಸಾಲು ಹಾಕಿದೆವು. ಹನ್ನೊಂದೂವರೆ ದಾಟಿತ್ತು. ರಿಲೀಸ್.

ಮಾರನೆಯ ದಿನ ಮಧ್ಯಾಹ್ನ ಒಂದು ಫೋನ್ ಬಂತು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದ ಹುಡುಗಿ. ದಿನವೂ ನಮ್ಮ ಕಾಲಂ ಕತ್ತರಿಸಿ ನೋಟ್‌ಬುಕ್‌ಗೆ ಅಂಟಿಸುತ್ತಾಳಂತೆ. ಅವಳ ಮನೆಗೆ ಬರುವುದು ಡಾಕ್ ಎಡಿಷನ್. ಗೆಳತಿ ಸಿಟಿ ಎಡಿಷನ್‌ನ ಫೋಟೊ ಕಳಿಸಿದ್ದಳು. ಒಂದೇ ಪತ್ರಿಕೆ, ಒಂದೇ ದಿನ, ಒಂದೇ ಬಾಕ್ಸ್. ಒಂದರಲ್ಲಿ 'ಒಂದೇ ದಿನ', ಇನ್ನೊಂದರಲ್ಲಿ 'ದಿನ ಬೇರೆ'. "ಸರ್, ಯಾವುದನ್ನ ಓದ್ಕೋಬೇಕು?" ಎಂದು ಕೇಳಿದಳು. ಅವಳ ಮಾತಿನಲ್ಲಿ ಸಿಟ್ಟು ಇರಲಿಲ್ಲ. ಉತ್ತರ ಗೊತ್ತಾದರೆ ಸಾಕಾಗಿತ್ತು. ನಾನು ವಿವರಿಸಿದೆ, ಅವಳು ಬರೆದುಕೊಂಡಳು.

ಅವಳೊಬ್ಬಳು ಕೇಳಿದಳು. ಕೇಳದೆ ಅಂಟಿಸಿಕೊಂಡವರು ಎಷ್ಟು ಮಂದಿಯೋ. ಡಾಕ್ ಎಡಿಷನ್‌ಗೆ ತಿದ್ದುಪಡಿ ಹಾಕೋಣ ಎಂದು ನಾನೂ ಮೇಡಂ ಇಬ್ಬರೂ ಕೇಳಿದೆವು. "ತಾರೀಖು ಸರಿ ಇದೆಯಲ್ಲ, ತಿದ್ದುಪಡಿ ಯಾತಕ್ಕೆ?" ಎಂದರು ಮೇಲಿನವರು. ಹಾಕಲಿಲ್ಲ. ನನಗೆ ಈಗಲೂ ಚುಚ್ಚುವುದು ಇದೇ. ಡೆಡ್‌ಲೈನ್ ಒತ್ತಡದಲ್ಲಿ ತಪ್ಪು ಹೋಗುವುದು ಈ ಕೆಲಸದಲ್ಲಿ ಇದ್ದದ್ದೇ. ಮಾರನೆಯ ದಿನ ಸಮಯ ಇದ್ದಾಗಲೂ ಸರಿ ಮಾಡದೆ ಇದ್ದದ್ದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಅಂದಿನಿಂದ ಈ ಕಾಲಂ ನನ್ನ ಕೈಗೆ ಬಂದಾಗಲೆಲ್ಲ ಪ್ರತಿ ಐಟಂ ಪಕ್ಕ ಪೆನ್ಸಿಲ್‌ನಲ್ಲಿ ಗುರುತು ಮಾಡುತ್ತೇನೆ: ಯಾವ ಕ್ಯಾಲೆಂಡರ್, ಯಾವ ಊರಿನ ಗಡಿಯಾರ, ಯಾವ ದಾಖಲೆ. ಫೀಡ್‌ನಲ್ಲಿ ಇದ್ಯಾವುದೂ ಇರುವುದಿಲ್ಲ. ಅಲ್ಲಿ ಇರುವುದು ದಿನ, ತಿಂಗಳು, ವರ್ಷ ಎಂಬ ಮೂರು ಖಾನೆ ಮಾತ್ರ.

ಕ್ಯಾಲೆಂಡರ್‌ನ ವಿಷಯವೇ ತಗೊಳ್ಳಿ. ಜೂಲಿಯನ್ ವರ್ಷ ನಿಜವಾದ ಸೌರವರ್ಷಕ್ಕಿಂತ ಸುಮಾರು 11 ನಿಮಿಷ ಉದ್ದ. ಈ ಚಿಲ್ಲರೆ ಸೇರಿ ಸೇರಿ ಸುಮಾರು 128 ವರ್ಷಕ್ಕೆ ಒಂದು ದಿನ ಆಗುತ್ತದೆ. ಆದ್ದರಿಂದ ಎರಡು ಕ್ಯಾಲೆಂಡರ್‌ಗಳ ನಡುವಿನ ವ್ಯತ್ಯಾಸ ಎಲ್ಲ ಕಾಲಕ್ಕೂ ಹತ್ತೇ ದಿನ ಅಲ್ಲ. 1582ರಲ್ಲಿ 10 ದಿನ ಇದ್ದದ್ದು ಇಂಗ್ಲೆಂಡ್ ಬದಲಾಗುವ ಹೊತ್ತಿಗೆ 11 ಆಗಿತ್ತು, ಅಲ್ಲಿ 1752ರ ಸೆಪ್ಟೆಂಬರ್ 2ರ ಮಾರನೆಯ ದಿನ ಸೆಪ್ಟೆಂಬರ್ 14. ರಷ್ಯಾ 1918ರಲ್ಲಿ ಬದಲಾಗುವ ಹೊತ್ತಿಗೆ 13. ಹಳೆಯ ಕ್ಯಾಲೆಂಡರ್ ಪ್ರಕಾರ 1917ರ ಅಕ್ಟೋಬರ್ 25ಕ್ಕೆ ಅಲ್ಲಿ ನಡೆದ ಅಕ್ಟೋಬರ್ ಕ್ರಾಂತಿಯ ವಾರ್ಷಿಕೋತ್ಸವ ನವೆಂಬರ್ 7ಕ್ಕೆ ಬರುವುದು ಇದರಿಂದಲೇ. ಒಮ್ಮೆ ನಮ್ಮ ಫೀಡ್ ಅದನ್ನು ಅಕ್ಟೋಬರ್ 25ಕ್ಕೂ ಕೊಟ್ಟಿತು, ನವೆಂಬರ್ 7ಕ್ಕೂ ಕೊಟ್ಟಿತು. ಎರಡೂ ದಿನ ಬೇರೆ ಬೇರೆ ಶಿಫ್ಟ್‌ನವರು ಇದ್ದರು, ಎರಡೂ ಪ್ರಿಂಟ್ ಆಯಿತು.

ನ್ಯೂಟನ್‌ದು ಇನ್ನೊಂದು ಕಥೆ. 'ಗೆಲಿಲಿಯೊ ತೀರಿಕೊಂಡ ವರ್ಷವೇ ನ್ಯೂಟನ್ ಹುಟ್ಟಿದ' ಎಂಬ ವಾಕ್ಯ ಓದಲು ಚೆನ್ನಾಗಿದೆ, ಎಲ್ಲರಿಗೂ ಇಷ್ಟ. ಗೆಲಿಲಿಯೊ ತೀರಿಕೊಂಡದ್ದು 1642ರ ಜನವರಿ 8, ಇಟಲಿಯ ಹೊಸ ಕ್ಯಾಲೆಂಡರ್. ನ್ಯೂಟನ್ ಹುಟ್ಟಿದ್ದು 1642ರ ಡಿಸೆಂಬರ್ 25, ಇಂಗ್ಲೆಂಡಿನ ಹಳೆಯ ಕ್ಯಾಲೆಂಡರ್. ಇಬ್ಬರನ್ನೂ ಹೊಸದಕ್ಕೆ ತಂದರೆ ನ್ಯೂಟನ್ 1643ರ ಜನವರಿ 4ಕ್ಕೆ ಹೋಗುತ್ತಾನೆ. ಇಬ್ಬರನ್ನೂ ಹಳೆಯದಕ್ಕೆ ತಂದರೆ ಗೆಲಿಲಿಯೊ 1641ರ ಡಿಸೆಂಬರ್ 29ಕ್ಕೆ ಹೋಗುತ್ತಾನೆ. ಯಾವುದಾದರೂ ಒಂದೇ ಅಳತೆ ಹಿಡಿದರೆ ವರ್ಷ ಕೂಡುವುದಿಲ್ಲ. ಒಬ್ಬನಿಗೆ ಒಂದು, ಇನ್ನೊಬ್ಬನಿಗೆ ಇನ್ನೊಂದು ಹಿಡಿದರೆ ಮಾತ್ರ ಕೂಡುತ್ತದೆ. ಇದನ್ನು ಟ್ರೈನಿಗಳಿಗೆ ಹೇಳಿಕೊಡುವಾಗ ಬೋರ್ಡ್ ಮೇಲೆ ಬರೆದು ತೋರಿಸುತ್ತೇನೆ. ಒಂದು ಸಲ ನೋಡಿದವರು ಮರೆಯುವುದಿಲ್ಲ.

ಅವಿಲಾದ ಸಂತ ತೆರೇಸಾ ಅವರದ್ದಂತೂ ಯಾವ ಡೇಟಾಬೇಸ್‌ನ ಖಾನೆಗೂ ಹಿಡಿಯುವುದಿಲ್ಲ. ಅವರು ತೀರಿಕೊಂಡದ್ದು 1582ರ ಅಕ್ಟೋಬರ್ 4ರ ರಾತ್ರಿ. ಆ ರಾತ್ರಿ ಕಳೆದು ಬೆಳಗಾದಾಗ ಸ್ಪೇನಿನಲ್ಲಿ ಅಕ್ಟೋಬರ್ 15. ಅವರ ಸ್ಮರಣೆಯ ಹಬ್ಬ ಇಂದಿಗೂ 15ಕ್ಕೇ ನಡೆಯುತ್ತದೆ.

ಗಡಿಯಾರದ ತೊಂದರೆ ಇತ್ತೀಚಿನ ಘಟನೆಗಳಲ್ಲಿ ಜಾಸ್ತಿ. ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಕಾಲಿಟ್ಟಾಗ ಅಮೆರಿಕದಲ್ಲಿ 1969ರ ಜುಲೈ 20ರ ರಾತ್ರಿ, ನಮ್ಮಲ್ಲಿ ಜುಲೈ 21ರ ಬೆಳಗ್ಗೆ 8:26. ಪರ್ಲ್ ಹಾರ್ಬರ್ ಮೇಲಿನ ದಾಳಿ ಹವಾಯಿಯಲ್ಲಿ 1941ರ ಡಿಸೆಂಬರ್ 7, ಜಪಾನಿನಲ್ಲಿ 8. ಜರ್ಮನಿಯ ಶರಣಾಗತಿ ಜಾರಿಗೆ ಬಂದದ್ದು ಮಧ್ಯ ಯುರೋಪಿನ ಗಡಿಯಾರದಲ್ಲಿ 1945ರ ಮೇ 8ರ ರಾತ್ರಿ 11:01ಕ್ಕೆ. ಮಾಸ್ಕೊದಲ್ಲಿ ಆಗ ಮಧ್ಯರಾತ್ರಿ ಕಳೆದಿತ್ತು, ಅದಕ್ಕೇ ರಷ್ಯಾದ ವಿಜಯ ದಿನ ಮೇ 9. ಏಪ್ರಿಲ್ 23ರ ಪಟ್ಟಿಯಲ್ಲೇ ಇರುವ ಯೂಟ್ಯೂಬ್‌ನ ಮೊದಲ ವಿಡಿಯೊವೂ ಹೀಗೇ. 2005ರಲ್ಲಿ ಅದು ಅಪ್‌ಲೋಡ್ ಆದಾಗ ಕ್ಯಾಲಿಫೋರ್ನಿಯಾದಲ್ಲಿ 23ರ ರಾತ್ರಿ, ಅಂತರರಾಷ್ಟ್ರೀಯ ಸಮಯದಲ್ಲಿ ಆಗಲೇ 24. ಎರಡರಲ್ಲಿ ಯಾವುದು ಹಾಕಿದರೂ ತಪ್ಪಲ್ಲ, ಯಾವ ಊರಿನ ತಾರೀಖು ಎಂದು ಒಂದು ಪದ ಸೇರಿಸಬೇಕು ಅಷ್ಟೇ. ನಮ್ಮ ಫೀಡ್ ಕೆಲವಕ್ಕೆ ಆ ಊರಿನ ಸಮಯ ಹಿಡಿಯುತ್ತದೆ, ಕೆಲವಕ್ಕೆ ಅಂತರರಾಷ್ಟ್ರೀಯ ಸಮಯ. ಯಾವುದಕ್ಕೆ ಯಾವುದು ಎಂದು ಐಟಿಯವರನ್ನು ಕೇಳಿದರೆ ಫೀಡ್ ಮಾರುವ ವೆಂಡರ್ ಕಡೆ ಕೈ ತೋರಿಸುತ್ತಾರೆ.

ಇನ್ನು ದಾಖಲೆ. ಶೇಕ್ಸ್‌ಪಿಯರ್ ಹುಟ್ಟಿದ್ದೂ ಏಪ್ರಿಲ್ 23ಕ್ಕೇ ಎಂದು ನಾವೆಲ್ಲ ಬರೆಯುತ್ತೇವೆ. ದಾಖಲೆಯಲ್ಲಿ ಇರುವುದು 1564ರ ಏಪ್ರಿಲ್ 26ರ ದೀಕ್ಷಾಸ್ನಾನ ಮಾತ್ರ. ಹುಟ್ಟಿದ ತಾರೀಖು ಅದರಿಂದ ಹಿಂದಕ್ಕೆ ಎಣಿಸಿ ಹೇಳುತ್ತಾ ಬಂದದ್ದು. ಸಂಗೀತಗಾರ ಪ್ರೊಕೊಫಿಯೆವ್ ಕೂಡ ಏಪ್ರಿಲ್ 23ರ ಪಟ್ಟಿಗೆ ಬರುತ್ತಿದ್ದ. ಅವನೇ ಬದುಕಿರುವವರೆಗೂ ತನ್ನ ಹುಟ್ಟಿದ ದಿನ ಅದೇ ಎಂದು ನಂಬಿದ್ದ. ತೀರಿಕೊಂಡ ಮೇಲೆ ಸಿಕ್ಕ ಜನನ ಪತ್ರದಲ್ಲಿ ನಾಲ್ಕು ದಿನ ತಡವಾಗಿತ್ತು, ಏಪ್ರಿಲ್ 27. ಸ್ವತಃ ಆ ಮನುಷ್ಯನ ಮಾತೇ ಸಾಲದಾದ ಮೇಲೆ ಫೀಡ್‌ನ ಮಾತನ್ನು ಕಣ್ಣು ಮುಚ್ಚಿ ನಂಬುವುದು ಹೇಗೆ?

ಇಷ್ಟೆಲ್ಲ ನೋಡಿ, ಕಾಕತಾಳೀಯಗಳನ್ನೇ ಕೈಬಿಡಿ ಎಂದು ನಾನು ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಓದುಗರು ಈ ಕಾಲಂ ಓದುವುದೇ ಅದಕ್ಕಾಗಿ, ನಾನು ಬರೆಯುವುದೂ ಅದಕ್ಕಾಗಿ. ಡಾರ್ವಿನ್ ಮತ್ತು ಲಿಂಕನ್ 1809ರ ಫೆಬ್ರುವರಿ 12ರಂದು ಹುಟ್ಟಿದರು. ಎರಡೂ ದೇಶದಲ್ಲಿ ಆಗ ಒಂದೇ ಕ್ಯಾಲೆಂಡರ್, ಆದ್ದರಿಂದ ನಿಜಕ್ಕೂ ಒಂದೇ ದಿನ. ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸರಿಯಾಗಿ 50 ವರ್ಷ ತುಂಬಿದ 1826ರ ಜುಲೈ 4ರಂದೇ ಜೆಫರ್ಸನ್ ಮತ್ತು ಆಡಮ್ಸ್ ಇಬ್ಬರೂ ತೀರಿಕೊಂಡರು. ಪರಿಶೀಲನೆ ಮಾಡಿದ ಮೇಲೂ ಉಳಿಯುವ ಇಂಥವನ್ನು ಬರೆಯುವಾಗ ಸಿಗುವ ಖುಷಿಯೇ ಬೇರೆ.

ಅಂಥದ್ದೊಂದು ಏಪ್ರಿಲ್ 23ರ ಪಟ್ಟಿಯಲ್ಲೇ ಇತ್ತು. 2016ರ ಆ ರಾತ್ರಿ ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ಫೀಡ್ ಐಟಂಗಳನ್ನು ಜನಪ್ರಿಯತೆಯ ಲೆಕ್ಕದಲ್ಲಿ ಜೋಡಿಸುತ್ತದೆ. ಮೇಲೆ ಶೇಕ್ಸ್‌ಪಿಯರ್, ಆಮೇಲೆ ಬಾಲನಟಿ ಶರ್ಲಿ ಟೆಂಪಲ್, ಸತ್ಯಜಿತ್ ರಾಯ್, ಗಾಯಕಿ ಎಸ್. ಜಾನಕಿ. ಕೆಳಗೆ ಎಲ್ಲೋ ತಳದಲ್ಲಿ, ಒಂದಕ್ಕೊಂದು ದೂರದಲ್ಲಿ, ಮೂರು ಸಾಲು. ಮೂರರಲ್ಲೂ ವರ್ಷ 1858.

ಜರ್ಮನ್ ನಾಡಿನ ಕೀಲ್ ಎಂಬ ಊರಿನಲ್ಲಿ ಆ ದಿನ ಮ್ಯಾಕ್ಸ್ ಪ್ಲಾಂಕ್ ಹುಟ್ಟಿದ. 1900ರಲ್ಲಿ ಕ್ವಾಂಟಮ್ ಕಲ್ಪನೆಯನ್ನು ಮುಂದಿಟ್ಟು ಭೌತಶಾಸ್ತ್ರದ ದಿಕ್ಕನ್ನೇ ಬದಲಿಸಿದವನು. ಅದೇ ದಿನ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ರಮಾಬಾಯಿ ಹುಟ್ಟಿದರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ವಿರೋಧ ಎದುರಿಸಿದ ಅನಂತಶಾಸ್ತ್ರಿ ಡೋಂಗ್ರೆಯವರ ಮಗಳು. ತಾಯಿಯಿಂದ ಸಂಸ್ಕೃತ ಕಲಿತು, ಕಲ್ಕತ್ತೆಯ ವಿದ್ವಾಂಸರಿಂದ 'ಪಂಡಿತಾ' ಎನ್ನಿಸಿಕೊಂಡು, 1889ರಲ್ಲಿ ಬಾಂಬೆಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ಕಟ್ಟಿದವರು. ಅದೇ ದಿನ ಬಿಹಾರದ ಜಗದೀಶಪುರದಲ್ಲಿ 1857ರ ದಂಗೆಯ ನಾಯಕ, ಸುಮಾರು 80 ವರ್ಷದ ಕುಂವರ್ ಸಿಂಗ್, ಕೈಗೆ ಆಗಿದ್ದ ಗಾಯದೊಂದಿಗೇ, ಬ್ರಿಟಿಷ್ ಕ್ಯಾಪ್ಟನ್ ಲೆ ಗ್ರಾಂಡ್‌ನ ಪಡೆಯನ್ನು ಸೋಲಿಸಿದರು. ಅದಾಗಿ ಕೆಲವೇ ದಿನಗಳಲ್ಲಿ ತೀರಿಕೊಂಡರು. ಬಿಹಾರದಲ್ಲಿ ಇಂದಿಗೂ ಏಪ್ರಿಲ್ 23 ವಿಜಯೋತ್ಸವದ ದಿನ.

ಮೂರಕ್ಕೂ ಪೆನ್ಸಿಲ್ ಗುರುತು ಹಾಕಿದೆ. ಮೂರೂ ಗ್ರೆಗೋರಿಯನ್. ವಾರ ಲೆಕ್ಕ ಹಾಕಿದರೆ ಶುಕ್ರವಾರ. ಮುಂದೊಂದು ವರ್ಷ ಅದನ್ನೇ ಬಾಕ್ಸ್ ಮಾಡೋಣ ಎಂದಾಗ "ಪ್ಲಾಂಕ್ ಯಾರಿಗೆ ಗೊತ್ತು?" ಎಂಬ ಪ್ರಶ್ನೆ ಬಂತು. ಗೊತ್ತಿಲ್ಲದಿದ್ದರೆ ಗೊತ್ತು ಮಾಡಿಸಲೆಂದೇ ನಾವು ಇಲ್ಲಿ ಕೂತಿರುವುದು ಎಂದೆ. ಮೇಡಂ ಆಗ ನಿವೃತ್ತಿಯ ಅಂಚಿನಲ್ಲಿದ್ದರು. ಅವರು ಪ್ರಿಂಟ್ ಔಟ್ ಓದಿ, ಕುಂವರ್ ಸಿಂಗ್ ಹೆಸರಿನ ಸೊನ್ನೆಯೊಂದನ್ನು ಮಾತ್ರ ತಿದ್ದಿ, ಸಹಿ ಹಾಕಿ ಕೊಟ್ಟರು. ಹೆಡ್ಡಿಂಗ್ 'ಆ ಶುಕ್ರವಾರ'. ರಮಾಬಾಯಿ ಫೋಟೊ ಎರಡು ಕಾಲಂ ಅಗಲಕ್ಕೆ. ಡಾಕ್‌ಗೂ ಸಿಟಿಗೂ ಒಂದೇ ಪುಟ ಹೋಯಿತು.